ಘಟ್ಟದ ಮೇಲೆ ತೋಳ ಯಾಕಿಲ್ಲ? ಕೆನ್ನಾಯಿ ಯಾಕೆ ಕಡಿಮೆಯಾಗುತ್ತದೆ?

ಬೇಣದಂಚು, ಶಿರಸಿ:
ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ತೋಳ ತಂದು ಬಿಟ್ಟಿದ್ದೇ ಕಾಡು ಚಿಗುರಿ ಹೊಳೆಯ ದಿಕ್ಕೇ ಬದಲಾಯಿತು ಅನ್ನುವ ವಿಡಿಯೋ ಮತ್ತೆ ತಿರುಗುತ್ತಿದೆ. ಅದು ಎಷ್ಟು ಸರಿ? ನಮ್ಮ ಕಾಡಲ್ಲಿ ತೋಳ ಯಾಕಿಲ್ಲ? ಕೆನ್ನಾಯಿ ಹಿಂಡು ಇದ್ದಕ್ಕಿದ್ದಂತೆ ಇಲ್ಲವಾಗುವುದಕ್ಕೆ ಕಳ್ಳಬೇಟೆಯೊಂದೇ ಕಾರಣವೇ?

ಕಾನುದಾರಿ:
ತೋಳ ಬಯಲುಸೀಮೆಯ ಪ್ರಾಣಿ. ಹುಲ್ಲುಗಾವಲು, ಕುರುಚಲು, ಕಲ್ಲುಗುಡ್ಡ ಬೇಕು. ಹೊಟ್ಟೆಪಾಡು ಬಹುಪಾಲು ಕುರಿ-ಮೇಕೆಯ ಮೇಲೆ. ಆದ್ದರಿಂದ ಗುಡ್ಡ ಅಗೆದರೆ ಮರಿ ಹಾಕುವ ಗವಿ ಹೋಯಿತು, 'ಪಾಳುಭೂಮಿ' ಅಂತ ಹುಲ್ಲುಗಾವಲಿಗೆ ಗಿಡ ನೆಟ್ಟರೂ ನೆಲೆ ಹೋಯಿತು. ಬಂಕಾಪುರ ತೋಳಧಾಮ ಇರುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ. ನಮಗೆ ಹತ್ತಿರದ, ಹಾವೇರಿ ಕಡೆಯ ನವಿಲಿನ ಬಂಕಾಪುರ ಬೇರೆ!

ಇಲ್ಲಿ ಹಿಂಡು ಕಟ್ಟಿ ಬೇಟೆಯಾಡುವುದು ಕೆನ್ನಾಯಿ: ಕೆಂಪು ಮೈ, ದುಂಡು ಕಿವಿ, ಪೊದೆಯಂಥ ಕಪ್ಪು ಬಾಲ, ಕೂಗು ಸಿಳ್ಳೆಯಂತೆ. ಬರೀ ಹೆಜ್ಜೆ ನೋಡಿ ತೀರ್ಮಾನಿಸಬೇಡಿ, ಊರನಾಯಿಯದ್ದೂ ಹಾಗೇ ಇರುತ್ತದೆ. ದಾರಿ ಕೂಡುವಲ್ಲಿ ಒಂದೇ ಕಡೆ ರಾಶಿ ಹಿಕ್ಕೆ, ಅದರಲ್ಲಿ ಕಡವೆ-ಜಿಂಕೆಯ ಕೂದಲು ಸಿಕ್ಕರೆ ಹೆಚ್ಚುಕಡಿಮೆ ಕೆನ್ನಾಯಿಯೇ.

ಹಟ್ಟಿಮದ್ದು:
ಕಳ್ಳಬೇಟೆ ಒಂದು ಕಾರಣ, ಅದೂ ಎರಡು ಬಗೆಯಲ್ಲಿ: ಉರುಳಿಗೆ ಕೆನ್ನಾಯಿಯೂ ಬೀಳುತ್ತದೆ, ಕಡವೆ-ಹಂದಿ ಖಾಲಿಯಾದರೆ ಅದಕ್ಕೆ ತಿನ್ನಲೂ ಇಲ್ಲ. ಆದರೆ ಹಿಂಡಿಗೆ ಹಿಂಡೇ ಮಾಯವಾದರೆ ನಾನಂತೂ ಮೊದಲು ರೋಗವನ್ನೇ ಅನುಮಾನಿಸುತ್ತೇನೆ. ಅಮೆರಿಕದ ಐಲ್ ರಾಯಲ್ ದ್ವೀಪದಲ್ಲಿ 1980ರಲ್ಲಿ 50 ತೋಳಗಳಿದ್ದವು, 1982ಕ್ಕೆ ಉಳಿದದ್ದು 14. ಸಾಕುನಾಯಿಯಿಂದ ಬಂದ ಪಾರ್ವೊ ವೈರಸ್ಸು! ತೋಳಕ್ಕೆ ತಿನ್ನಲು ಮೂಸ್ ಎಂಬ ದೊಡ್ಡ ಜಿಂಕೆಗಳಿಗೇನೂ ಬರವಿರಲಿಲ್ಲ. ಅಲ್ಲಿಂದ ಮುಂದೆ ಒಳಸಂಬಂಧದಲ್ಲೇ ಮರಿಯಾಗಿ 2016ಕ್ಕೆ ಎರಡೇ ಉಳಿದು, ಹೊರಗಿಂದ ತೋಳ ತರಬೇಕಾಯಿತು.

ಪಾರ್ವೊ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನಾಯಿಗಳ ಇನ್ನೊಂದು ರೋಗ ಡಿಸ್ಟೆಂಪರ್‌ನ ವೈರಸ್ಸು ಬಿಸಿಲಿಗೆ ಬೇಗ ಸಾಯುತ್ತದೆ, ಆದರೆ ಮೂಗಿಗೆ ಮೂಗು ತಾಗಿದರೆ ಸಾಕು. ಸತ್ತ ದನವನ್ನು ಸೊಪ್ಪಿನ ಬೆಟ್ಟಕ್ಕೆ ಎಸೆದರೆ ಊರನಾಯಿ, ಕಾಡುಪ್ರಾಣಿ ಎರಡನ್ನೂ ಒಂದೇ ಕಡೆ ಸೇರಿಸಿದಂತೆ. ಆಳವಾಗಿ ಹೂಳಿ.

ಬೇಣದಂಚು:
ನಮ್ಮೂರ ನಾಯಿಗಳಿಗೆಲ್ಲ ಕ್ಯಾಂಪಿನಲ್ಲಿ ಇಂಜೆಕ್ಷನ್ ಆಗಿದೆಯಲ್ಲ?

ಹಟ್ಟಿಮದ್ದು:
ಕ್ಯಾಂಪಿನದ್ದು ಸಾಮಾನ್ಯವಾಗಿ ರೇಬೀಸ್ ಒಂದಕ್ಕೇ. ಪಾರ್ವೊ, ಡಿಸ್ಟೆಂಪರ್‌ಗೆ ಬೇರೆ ಲಸಿಕೆ: ಮರಿಗೆ 6–8 ವಾರಕ್ಕೆ ಶುರು, 16 ವಾರ ತುಂಬುವವರೆಗೆ 3–4 ವಾರಕ್ಕೊಂದು, ವರ್ಷಕ್ಕೆ ಬೂಸ್ಟರ್. ಒಂದೇ ಡೋಸಿಗೆ ನಿಲ್ಲಿಸುವುದೇ ದೊಡ್ಡ ತಪ್ಪು, ತಾಯಿಯಿಂದ ಬಂದ ಪ್ರತಿರೋಧಶಕ್ತಿಯು ಲಸಿಕೆಯನ್ನೇ ಹೊಡೆದುಹಾಕುತ್ತದೆ. ಲಸಿಕೆ 2–8 ಡಿಗ್ರಿಯಲ್ಲಿರಬೇಕು. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದ ಫ್ರಿಜ್ಜಿನದಾದರೆ ಬೇಡ ಅನ್ನಿ.

ಹೊಳೆಸಾಲು, ಕಾರವಾರ:
ವಿಡಿಯೋ ಅರ್ಧ ಸತ್ಯ. 1926ಕ್ಕೆ ಯೆಲ್ಲೋಸ್ಟೋನಿನ ತೋಳ ಮುಗಿದಿದ್ದವು. 1995ರಲ್ಲಿ 14, 1996ರಲ್ಲಿ 17 ಕೆನಡಾದಿಂದ ತಂದರು. ಎಲ್ಕ್ ಜಿಂಕೆ ಇಳಿದದ್ದು ನಿಜ, ಆದರೆ ಕರಡಿ, ಪೂಮಾ, ಪಾರ್ಕಿನ ಹೊರಗಿನ ಬೇಟೆ, ಬರ ಎಲ್ಲದರ ಪಾಲೂ ಇದೆ. ತೋಳವಿಲ್ಲದ ಕಾಲದಲ್ಲಿ ಎಲ್ಕ್‌ಗಳು ತೊರೆಯಂಚಿನ ವಿಲ್ಲೋ ಗಿಡಗಳನ್ನು ಮೇದು ಮುಗಿಸಿದವು, ವಿಲ್ಲೋ ಇಲ್ಲದೆ ತೊರೆಗೆ ಒಡ್ಡು ಕಟ್ಟುವ ಬೀವರ್ ಪ್ರಾಣಿ ಹೋಯಿತು, ಅದರ ಒಡ್ಡು ಹೋಗಿ ತೊರೆ ಆಳಕ್ಕೆ ಕೊರೆಯಿತು, ಅಂತರ್ಜಲ ಇಳಿಯಿತು. ಬೇರಿಗೆ ನೀರೇ ಎಟುಕದಿದ್ದರೆ ತೋಳ ಬಂದರೂ ವಿಲ್ಲೋ ಎಲ್ಲ ಕಡೆ ಎತ್ತರಕ್ಕೆ ಏಳುವುದಿಲ್ಲ. ಇನ್ನು ನಮ್ಮ ಕಾಳಿ ಕಣಿವೆಯಲ್ಲಿ ಹುಲಿ, ಚಿರತೆ, ಕೆನ್ನಾಯಿ ಮೂರೂ ಒಂದೇ ಕಡವೆಯ ಮೇಲೆ ಕಣ್ಣಿಟ್ಟಿವೆ. ಅಲ್ಲಿನ ಲೆಕ್ಕ ಇಲ್ಲಿಗೆ ಕೂಡುವುದಿಲ್ಲ.