ಮರ ನುಂಗಿದ ತಂತಿ, ಸರಪಳಿ: ಕೀಳಬೇಕಾ, ಬಿಡಬೇಕಾ?

ಪ್ರಶ್ನೆ: ತೋಟದ ಅಂಚಿನಲ್ಲಿ ಹಳೆಯ ಮಾವಿನ ಮರ ಇದೆ. ಅಪ್ಪ ಎಂದೋ ಅದಕ್ಕೇ ಯು ಮೊಳೆ ಹೊಡೆದು ಮುಳ್ಳುತಂತಿ ಎಳೆದಿದ್ದರು. ಈಗ ತಂತಿ ಮರದ ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಹೊರಗೆ ಬರುತ್ತಿದೆ. ಪಕ್ಕದ ಹಲಸಿನ ಮರಕ್ಕೆ ದನ ಕಟ್ಟಲು ಸುತ್ತಿದ್ದ ಸರಪಳಿ ತೊಗಟೆಗೆ ಕಚ್ಚಿಕೊಂಡಿದೆ. ಬಿಡಿಸಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1: ಎರಡನ್ನೂ ಒಂದೇ ತರ ನೋಡಬೇಡಿ ಸರ್. ಮಾವಿನ ಮರಕ್ಕೆ ಆತುರ ಇಲ್ಲ. ಹಲಸಿನ ಸರಪಳಿಯನ್ನು ಮಾತ್ರ ಈ ವಾರವೇ ಕತ್ತರಿಸಿ.

ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಮೊಳೆ ಒಂದು ಕಡೆ ಚುಚ್ಚಿದರೆ ಅದರ ಅಕ್ಕಪಕ್ಕ ದಾರಿ ಇರುತ್ತದೆ, ಆದರೆ ಸುತ್ತಲೂ ಬಿಗಿದರೆ ದಾರಿಯೇ ಮುಚ್ಚಿಹೋಗುತ್ತದೆ. ಸರಪಳಿಯ ಮೇಲ್ಭಾಗ ಉಬ್ಬಿ, ಕೆಳಭಾಗ ಸಣ್ಣಗೆ ಉಳಿದಿದೆಯಾ ನೋಡಿ. ಹಾಗಿದ್ದರೆ ಬೇರಿಗೆ ಊಟ ಸರಿಯಾಗಿ ಸಿಗುತ್ತಿಲ್ಲ ಅಂತಲೇ ಅರ್ಥ.

ನಮ್ಮ ಕಾಫಿ ತೋಟದಲ್ಲಿ ಇದನ್ನು ಮಾಡಿದ್ದು ನೈಲಾನ್ ಹಗ್ಗ. ಮೆಣಸಿನ ಬಳ್ಳಿಯನ್ನು ಸಿಲ್ವರ್ ಓಕ್‌ಗೆ ಕಟ್ಟಿದ್ದು ಹಾಗೇ ಉಳಿದು, ಬಳ್ಳಿ ಸರಿಸಿ ತಡವಿದರೆ ತೊಗಟೆಯಲ್ಲಿ ಬೆರಳು ಹೋಗುವಷ್ಟು ಗೆರೆ, ಅದರ ತಳದಲ್ಲಿ ನೀಲಿ ಎಳೆ ಇನ್ನೂ ಗಟ್ಟಿಯಾಗಿಯೇ ಇತ್ತು. ಬಾಳೆ ನಾರಿನಲ್ಲಿ ಕಟ್ಟಿದ್ದರೆ ಬಳ್ಳಿ ಹಿಡಿದುಕೊಳ್ಳುವಷ್ಟರಲ್ಲಿ ಅದೇ ಕೊಳೆತು ಬಿದ್ದುಹೋಗುತ್ತಿತ್ತು.

ಸರಪಳಿ ಹೊರಗೆ ಕಾಣುವ ಎರಡು ಮೂರು ಕಡೆ ಬೋಲ್ಟ್ ಕಟರ್‌ನಲ್ಲಿ ಕತ್ತರಿಸಿ. ಗ್ರೈಂಡರ್ ಬೇಡ, ತೊಗಟೆ ಸುಟ್ಟುಹೋಗುತ್ತದೆ. ಸಲೀಸಾಗಿ ಬಂದ ತುಂಡು ತೆಗೆಯಿರಿ, ಬಾರದ್ದು ಅಲ್ಲೇ ಇರಲಿ. ಸುತ್ತು ಮುರಿದರೆ ಸಾಕು. ಉಳಿ ಹಾಕಿ ಕೆತ್ತಿದರೆ ಸರಪಳಿಗಿಂತ ದೊಡ್ಡ ಗಾಯ ನೀವೇ ಮಾಡಿದ ಹಾಗಾಗುತ್ತದೆ.

ಇನ್ನು ಮಾವಿನ ಮರ. ಮರ ಮೊಳೆಯನ್ನು ಹೊರಗೆ ತಳ್ಳುವುದಿಲ್ಲ, ಒಳಗೆ ಎಳೆದುಕೊಳ್ಳುವುದೂ ಇಲ್ಲ. ತೊಗಟೆಯ ಕೆಳಗೆ ಹೊಸ ಪದರ ಸೇರುತ್ತಾ ಹೋಗುತ್ತದೆ, ಮೊಳೆ ಇದ್ದಲ್ಲೇ ಇರುತ್ತದೆ. ಎದೆಮಟ್ಟದಲ್ಲಿ ಹೊಡೆದದ್ದು ಎಷ್ಟು ವರ್ಷವಾದರೂ ಎದೆಮಟ್ಟದಲ್ಲೇ. ಗಾಯದ ಸುತ್ತ ಮರ ಒಳಗೇ ಗೋಡೆ ಕಟ್ಟಿಕೊಂಡು ಕೊಳೆ ಹರಡದಂತೆ ತಡೆಯುತ್ತದೆ. ಅಮೆರಿಕದ ಮರ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರ ಸೀಳಿ ನೋಡಿ ವಿವರಿಸಿದ್ದು ಇದನ್ನೇ. ಈಗ ಕಿತ್ತರೆ ಆ ಗೋಡೆ ಒಡೆಯುತ್ತದೆ. ಹಾಗಾಗಿ ತಂತಿಯನ್ನು ಎರಡೂ ಕಡೆ ತೊಗಟೆಗೆ ಸರಿಯಾಗಿ ಕತ್ತರಿಸಿ ಬಿಟ್ಟುಬಿಡಿ. ಬಿಗಿಯಾಗಿದ್ದರೆ ಚಿಮ್ಮಿ ಮುಖಕ್ಕೇ ಬರುತ್ತದೆ, ಮೊದಲು ಪಕ್ಕದ ಕಂಬದಲ್ಲಿ ಸಡಿಲ ಮಾಡಿಕೊಳ್ಳಿ. ಟಾರು, ಸಿಮೆಂಟು ಏನೂ ಮೆತ್ತಬೇಡಿ. ಹೊಸ ಬೇಲಿ ಕಲ್ಲುಕಂಬಕ್ಕೇ ಕಟ್ಟಿಸಿ.

ಉತ್ತರ 2: ನಮ್ಮದು ಸಾಮಿಲ್. ಮೇಲಿನವರು ಹೇಳಿದ್ದು ಸರಿ, ಆದರೆ ತಂತಿ ಇರುವ ಜಾಗಕ್ಕೆ ಪೇಂಟ್ ಬಳಿದಿಡಿ, ಮಕ್ಕಳಿಗೂ ಹೇಳಿಡಿ. ಮುಂದೆ ಯಾರೋ ಮೆಷಿನ್ ಹಿಡಿದು ಮರ ಕುಯ್ಯುತ್ತಾರೆ, ಮುಚ್ಚಿಹೋದ ಮೊಳೆ ಅವರಿಗೆ ಕಾಣುವುದಿಲ್ಲ. ಬ್ಲೇಡ್ ತಗುಲಿದರೆ ಹಲ್ಲು ಹಾರುತ್ತದೆ, ಕೆಲವು ಸಲ ಬ್ಲೇಡೇ ತುಂಡಾಗುತ್ತದೆ, ಎದುರು ನಿಂತವರ ಗತಿ ಏನು? ಬೇಲಿ ಸಾಲಿನ ದಿಮ್ಮಿ ಬಂದರೆ ನಾವು ಕುಯ್ದ ತುದಿಯಲ್ಲಿ ನೀಲಿಗಪ್ಪು ಕಲೆ ಹುಡುಕುತ್ತೇವೆ. ಮರದ ಒಗರು ಕಬ್ಬಿಣಕ್ಕೆ ಸೇರಿದಾಗ ಆ ಬಣ್ಣ ಬರುತ್ತದೆ. ಮಾರುವಾಗ ದಯವಿಟ್ಟು ಮುಚ್ಚಿಡಬೇಡಿ. ರೇಟು ಸ್ವಲ್ಪ ಕಡಿಮೆ ಸಿಗಬಹುದು, ಸಿಗಲಿ.

ಉತ್ತರ 3: ಒಂದು ಮಾತು ಸೇರಿಸುತ್ತೇನೆ. ತೆಂಗು, ಅಡಿಕೆಗೆ ಮೇಲಿನ ಲೆಕ್ಕ ನಡೆಯುವುದಿಲ್ಲ. ಅವುಗಳ ಕಾಂಡ ಮಾವು ಹಲಸಿನ ಹಾಗೆ ಪದರ ಪದರವಾಗಿ ದಪ್ಪ ಆಗುವುದಿಲ್ಲ, ಗಾಯ ಮುಚ್ಚುವುದೂ ಇಲ್ಲ. ಮೊಳೆಯ ತೂತು ತೂತಾಗಿಯೇ ಉಳಿಯುತ್ತದೆ. ತೆಂಗಿನಲ್ಲಿ ಕೆಂಪು ಮೂತಿ ಹುಳು ಇಂಥ ಗಾಯವನ್ನೇ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತದೆ. ತೂತಿನಿಂದ ಕಂದು ರಸ ಸೋರುತ್ತಿದ್ದರೆ, ಜಗಿದ ನಾರು ಹೊರಗೆ ಬಂದಿದ್ದರೆ, ತಡ ಮಾಡದೆ ತೋಟಗಾರಿಕೆ ಇಲಾಖೆಯವರನ್ನು ಕರೆದು ತೋರಿಸಿ.