ಹೆಣಿಗೆ ಕಲಿಯಲು ಮೊದಲು ಏನು ಹಾಕಬೇಕು? ಮಫ್ಲರ್ ಬಿಟ್ಟು ಹೇಳಿ

ಮಳೆಹುಳ, ತೀರ್ಥಹಳ್ಳಿ ಕಡೆ
ನಮಸ್ಕಾರ. ಈ ಮಳೆಗಾಲದಲ್ಲಿ ಉಲ್ಲನ್ ಹೆಣೆಯುವುದು ಕಲಿಯಬೇಕು ಅಂತ ಕೂತಿದ್ದೇನೆ. ತೋಟಕ್ಕೆ ಕಾಲಿಡುವ ಹಾಗಿಲ್ಲ, ಕರೆಂಟ್ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಕಡ್ಡಿಗೆ ಕುಣಿಕೆ ಏರಿಸುವುದು, ನಿಟ್ (ಸೀದಾ ಹೆಣಿಗೆ), ಪರ್ಲ್ (ಉಲ್ಟಾ ಹೆಣಿಗೆ), ಇಷ್ಟು ವಿಡಿಯೋ ನೋಡಿ ಬಂತು. ಎಲ್ಲರೂ ಮೊದಲು ಮಫ್ಲರ್ ಹಾಕು ಅಂತಾರೆ. ಒಂದೂವರೆ ಮೀಟರ್ ಒಂದೇ ಥರ ಹೆಣೆಯುತ್ತಾ ಕೂತರೆ ನನಗೆ ಅರ್ಧಕ್ಕೇ ಬೇಜಾರು ಬರುವುದು ಗ್ಯಾರಂಟಿ, ಅಲ್ಲದೆ ನಮ್ಮನೆಯಲ್ಲಿ ಮಫ್ಲರ್ ಸುತ್ತುವವರು ಅಪ್ಪ ಒಬ್ಬರೇ, ಅವರ ಹತ್ತಿರ ಇರುವುದೇ ಇನ್ನೂ ಸವೆದಿಲ್ಲ. ಅಕ್ಕನಿಗೆ ದೀಪಾವಳಿ ಹೊತ್ತಿಗೆ ಹೆರಿಗೆ. ಪಾಪುಗೆ ಸ್ವೆಟರ್ ಹಾಕಲು ಆಗುತ್ತಾ?

ಇನ್ನೊಂದು. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹಾಕಿದ ತುಂಡು ಚಾಪೆ ಸುತ್ತಿದ ಹಾಗೆ ಸುರುಳಿ ಆಗುತ್ತಿದೆ. ಇಸ್ತ್ರಿ ಹೊಡೆದರೆ ನಿಲ್ಲುತ್ತಾ? ದಾರ ಅಕ್ರಿಲಿಕ್.

ಸಾಗರದಕ್ಕ
ಇಸ್ತ್ರಿ ಮಾತ್ರ ಮುಟ್ಟಿಸಬೇಡ ಮಾರಾಯ್ತಿ! ಅಕ್ರಿಲಿಕ್ ಅಂದರೆ ಒಂದು ಥರ ಪ್ಲಾಸ್ಟಿಕ್ಕೇ. ಬಿಸಿ ತಾಗಿದರೆ ಚಪ್ಪಟೆಯಾಗಿ ಹೊಳೆಯುತ್ತೆ, ಮತ್ತೆ ಸರಿ ಹೋಗಲ್ಲ. ಸುರುಳಿ ಆಗುವುದು ನಿನ್ನ ಕೈಯ ದೋಷ ಅಲ್ಲ. ಹಾಗೆ ಹೆಣೆದಾಗ ಒಂದು ಮುಖದ ತುಂಬ ನಿಟ್, ಇನ್ನೊಂದು ಮುಖದ ತುಂಬ ಪರ್ಲ್ ಬರುತ್ತೆ, ಎರಡರ ಎಳೆತ ಬೇರೆ ಬೇರೆ, ಹಾಗಾಗಿ ಪಕ್ಕದ ಅಂಚು ಹಿಂದಕ್ಕೂ ಮೇಲೆ ಕೆಳಗಿನ ಅಂಚು ಮುಂದಕ್ಕೂ ಮಡಚಿಕೊಳ್ಳುತ್ತೆ. ಎಲ್ಲ ಸಾಲೂ ನಿಟ್ ಹಾಕಿ ನೋಡು. ಅದಕ್ಕೆ ಗಾರ್ಟರ್ ಅಂತಾರೆ. ಸುಮ್ನೆ ಮಲಗಿರುತ್ತೆ.

ಮೊದಲಿಗೆ ನಾನಾದರೆ ಮಸಿಬಟ್ಟೆ ಹಾಕು ಅಂತೀನಿ. ಎಂಟು ಇಂಚಿನ ಚೌಕ, ಎಲ್ಲ ಗಾರ್ಟರ್. ಎರಡು ಹಾಕಿ ಜೋಡಿಸಿ ಹೊಲಿದರೆ ಒಲೆಯಿಂದ ಪಾತ್ರೆ ಇಳಿಸಲು ಬರುತ್ತೆ, ಸೊಟ್ಟಗಿದ್ದರೂ ಒಲೆ ಹತ್ತಿರ ಯಾರು ನೋಡುತ್ತಾರೆ. ಆದರೆ ಇದಕ್ಕೆ ಹತ್ತಿ ದಾರವೇ ಆಗಬೇಕು. ಅಕ್ರಿಲಿಕ್ ಆದರೆ ಬಿಸಿ ಪಾತ್ರೆಗೆ ಕರಗಿ ಕೈಗೇ ಅಂಟುತ್ತೆ.

ಪ್ರತಿ ಸಾಲು ಮುಗಿದ ಮೇಲೂ ಕುಣಿಕೆ ಎಣಿಸು. 30 ಇದ್ದದ್ದು 33 ಆಗಿದ್ದರೆ ಸಾಲಿನ ಶುರುವನ್ನು ನೋಡು. ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ ಮೊದಲ ಕುಣಿಕೆಯ ಎರಡೂ ಕಾಲು ಮೇಲೆ ಬಂದು ಎರಡು ಕುಣಿಕೆ ಥರ ಕಾಣುತ್ತೆ, ನಾವು ಎರಡನ್ನೂ ಹೆಣೆದುಬಿಡ್ತೀವಿ. ದಾರವನ್ನು ಕೆಳಕ್ಕೆ ಎಳೆದುಕೊಂಡು, ಕಡ್ಡಿಯ ಅಡಿಯಿಂದ ಹಿಂದಕ್ಕೆ ತಗೊಂಡು ಶುರು ಮಾಡು.

ಗಾಂಧಿಬಜಾರ್ ಗಿರಾಕಿ
ಕಡ್ಡಿ ನಂಬರ್ ಬಗ್ಗೆ ಹುಷಾರು. ಮನೆಯಲ್ಲಿ ಅಜ್ಜಿಯ ಕಾಲದ ಕಡ್ಡಿ ಇದ್ದರೆ ಅದರ ಮೇಲೆ ಸಾಮಾನ್ಯವಾಗಿ ಬ್ರಿಟಿಷ್ ನಂಬರ್ ಇರುತ್ತೆ. ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ., 10 ಅಂದರೆ 3.25. ಅಮೆರಿಕದವರ ವಿಡಿಯೋದಲ್ಲಿ ಅದೇ 8 ಅಂದರೆ 5 ಮಿ.ಮೀ.! ಹಾಗಾಗಿ ಪೇಟೆಗೆ ಹೋದಾಗ ಮಿಲಿಮೀಟರ್ ಹೇಳಿಯೇ ಕೇಳಿ. 4 ಸಾಕು. ಬಿದಿರಿನದು ಸಿಕ್ಕಿದರೆ ಒಳ್ಳೇದು, ಅಲ್ಯೂಮಿನಿಯಂ ಕಡ್ಡಿಯಲ್ಲಿ ಕುಣಿಕೆ ಬೇಗ ಜಾರುತ್ತೆ. ದಾರ ತಿಳಿ ಬಣ್ಣದ್ದಿರಲಿ. ಆಷಾಢದ ಮಬ್ಬು ಬೆಳಕಲ್ಲಿ ಕಪ್ಪು ದಾರ ಹಿಡಿದರೆ ಕುಣಿಕೆ ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಉಂಡೆಗಳ ಚೀಟಿಯಲ್ಲಿ ಲಾಟ್ ನಂಬರ್ ಒಂದೇ ಇದೆಯಾ ನೋಡಿ, ಬೇರೆ ಲಾಟ್ ಆದರೆ ಅದೇ ಬಣ್ಣದಲ್ಲೂ ಸ್ವಲ್ಪ ವ್ಯತ್ಯಾಸ ಬರುತ್ತೆ.

ಕೊಪ್ಪದ ಕುಲಾವಿ
ಅಕ್ಕಾ, ಬೇಜಾರಾಗಬೇಡಿ, ಮಸಿಬಟ್ಟೆಗೆ ಹಳೇ ಪಂಚೆ ಹರಿದರೆ ಸಾಕಲ್ವಾ? ಹತ್ತಿ ದಾರ ಎಳೆದರೆ ಹಿಗ್ಗಲ್ಲ, ಹೊಸಬರ ಕೈ ನೋಯುತ್ತೆ. ತಂಗೀ, ನೀನು ನೇರ ಪಾಪುಗೆ ಟೋಪಿ ಹಾಕು. ಸ್ವೆಟರ್ ಸದ್ಯಕ್ಕೆ ಬೇಡ. ತೋಳು, ಕುತ್ತಿಗೆ ಅಂತ ಲೆಕ್ಕ ಜಾಸ್ತಿ.

ಟೋಪಿ ಅಂದರೆ ಒಂದು ಆಯತ, ಅಷ್ಟೇ. ಹುಟ್ಟಿದ ಮಗುವಿನ ತಲೆ ಸುತ್ತಳತೆ ಸುಮಾರು 35 ಸೆಂ.ಮೀ., ಮೂರು ತಿಂಗಳಿಗೆ 40ರ ಆಸುಪಾಸು. ಚಳಿಗಾಲಕ್ಕೆ ಬೇಕಾದ್ದು ದೊಡ್ಡ ಅಳತೆ. ಹೆಣಿಗೆ ಹಿಗ್ಗುವುದರಿಂದ 36 ಸೆಂ.ಮೀ. ಹಾಕು. ಮೊದಲು ಸಣ್ಣ ತುಂಡು ಹೆಣೆದು 10 ಸೆಂ.ಮೀ.ಗೆ ಎಷ್ಟು ಕುಣಿಕೆ ಬಂತು ಅಳೆ. 20 ಬಂದರೆ 72 ಏರಿಸು. ಅಂಚಿಗೆ ಎರಡು ನಿಟ್ ಎರಡು ಪರ್ಲ್ ಅಂತ ನಾಲ್ಕೈದು ಸಾಲು, ಆಮೇಲೆ ನಿನ್ನ ನಿಟ್ ಸಾಲು ಪರ್ಲ್ ಸಾಲೇ ಇರಲಿ. 14 ಸೆಂ.ಮೀ. ಎತ್ತರ ಆದ ಮೇಲೆ ಎರಡೆರಡು ಕುಣಿಕೆ ಸೇರಿಸಿ ಒಂದು ಸಾಲು, ದಾರ ಕತ್ತರಿಸಿ ದಬ್ಬಣದಲ್ಲಿ ಎಲ್ಲ ಕುಣಿಕೆಗೂ ಪೋಣಿಸಿ ಬಿಗಿಯಾಗಿ ಎಳೆದು ಗಂಟು ಹಾಕು, ಅದೇ ದಾರದಲ್ಲಿ ಪಕ್ಕ ಹೊಲಿ. ಮಣಿ, ಗುಂಡಿ, ಉದ್ದ ಲಾಡಿ ಯಾವುದೂ ಬೇಡ. ಮಲಗಿಸುವಾಗ ಟೋಪಿ ತೆಗೆಯಲು ಅಕ್ಕನಿಗೆ ಹೇಳು, ತಲೆ ಬಿಸಿಯಾಗುತ್ತೆ.

ಮಳೆಹುಳ, ತೀರ್ಥಹಳ್ಳಿ ಕಡೆ
ಆಯ್ತು, ಟೋಪಿಯೇ! ಅಕ್ರಿಲಿಕ್ ಪಾಪುಗೆ ಚುಚ್ಚಲ್ವಾ? ಅಸಲಿ ಉಲ್ಲನ್ನೇ ತರಬೇಕಾ?

ಸಾಗರದಕ್ಕ
ಪಂಚೆ ವಿಷಯ ಒಪ್ಪಿದೆ, ಬಿಡಿ. ಬೇಬಿ ದಾರ ಅಂತ ಮೆತ್ತಗಿನ ಅಕ್ರಿಲಿಕ್ ಸಿಗುತ್ತೆ, ಕೆನ್ನೆಗೆ ಒತ್ತಿ ನೋಡಿ ತಗೋ. ಅಸಲಿ ಉಲ್ಲನ್ ಬಿಸಿ ನೀರಲ್ಲಿ ತಿಕ್ಕಿದರೆ ಕುಗ್ಗಿ ಗಟ್ಟಿಯಾಗುತ್ತೆ. ನಮ್ಮ ಕಡೆ ಅದು ಬೇಗ ಒಣಗುವುದೂ ಇಲ್ಲ, ಬೂಷ್ಟು ಬೇರೆ. ದಿನಾ ಒಗೆಯುವ ಪಾಪು ಬಟ್ಟೆಗೆ ಅಕ್ರಿಲಿಕ್ ಸಾಕು. ತುದಿಯಲ್ಲಿ ಕೊಕ್ಕೆ ಇರುವ ಒಂದು ಕ್ರೋಶ ಕಡ್ಡಿಯನ್ನೂ ತಗೊಂಡಿರು, ಕುಣಿಕೆ ಜಾರಿ ನಾಲ್ಕು ಸಾಲು ಕೆಳಗೆ ಇಳಿದರೂ ಅದರಲ್ಲಿ ಒಂದೊಂದೇ ಎತ್ತಿ ಮೇಲೆ ತರಬಹುದು, ಎಲ್ಲ ಬಿಚ್ಚಬೇಕಿಲ್ಲ.