ಗಾಂಜಾ ಸೇದಿದವನನ್ನು ಜೈಲಿಗೆ ಕಳಿಸದಿರುವುದು ಬೇರೆ, ಗಾಂಜಾ ಅಂಗಡಿ ತೆರೆಯುವುದು ಬೇರೆ ಅಲ್ಲವೇ?

ಪ್ರಶ್ನೆ: ರಾಜ್ಯಶಾಸ್ತ್ರ ಉಪನ್ಯಾಸಕ, ಹಾಸನ

ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕೇ ಎಂಬ ವಿಷಯದ ಮೇಲೆ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ನಡೆಯಿತು. ಪರವಾಗಿ ಮಾತನಾಡಿದ ವಿದ್ಯಾರ್ಥಿಗಳು ಶಿವರಾತ್ರಿಯ ಭಂಗಿ, ರೋಗಿಗಳ ಔಷಧ, ಕೆನಡಾದ ಅಂಗಡಿ ಎಲ್ಲವೂ ಒಂದೇ ಎಂಬಂತೆ ವಾದಿಸಿದರೆ, ವಿರೋಧಿಸಿದವರು ಗಾಂಜಾವನ್ನೂ ಹೆರಾಯಿನ್ ಅನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಸೇದುವ ಹುಡುಗನನ್ನು ಜೈಲಿಗೆ ಅಟ್ಟುವುದರಿಂದ ಯಾರಿಗೂ ಒಳಿತಾಗದು ಎಂದು ನಾನು ನಂಬುತ್ತೇನೆ. ಆದರೆ ಮದ್ಯದಂಗಡಿಯ ಪಕ್ಕದಲ್ಲಿ ಗಾಂಜಾ ಅಂಗಡಿಯೂ ತೆರೆಯುವುದನ್ನು ಒಪ್ಪಲಾರೆ. ಈ ನಿಲುವಿನಲ್ಲಿ ಒಂದು ತೊಡಕಿದೆ: ಸೇದುವವನು ಅಪರಾಧಿಯಲ್ಲ, ಮಾರುವವನು ಮಾತ್ರ ಅಪರಾಧಿ ಎಂದಾದರೆ ಅವನು ಅದನ್ನು ಯಾರಿಂದ ಪಡೆಯಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ವಕೀಲ, ಬೆಂಗಳೂರು

ಸರ್, ಮೊದಲು ಈಗಿರುವ ಕಾನೂನನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಅದರಿಂದ ತೆಗೆದ ಅಂಟು ಚರಸ್. ತುದಿಯಿಲ್ಲದ ಬರಿಯ ಎಲೆ ಮತ್ತು ಬೀಜ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಉತ್ತರದ ಕೆಲವು ರಾಜ್ಯಗಳಲ್ಲಿ ಎಲೆಯಿಂದ ಮಾಡುವ ಭಂಗಿಗೆ ಪರವಾನಗಿ ಪಡೆದ ಅಂಗಡಿಗಳಿರುವುದು ಈ ಕಾರಣಕ್ಕೇ. 2022ರಲ್ಲಿ ಭಂಗಿ ಇಟ್ಟುಕೊಂಡಿದ್ದ ಆರೋಪಿಯೊಬ್ಬನಿಗೆ ಜಾಮೀನು ನೀಡುವಾಗ ನಮ್ಮ ಹೈಕೋರ್ಟ್ ಕೂಡ ಭಂಗಿಯು ಈ ಕಾಯ್ದೆಯಡಿ ನಿಷಿದ್ಧವಲ್ಲ ಎಂದಿತು. ಹಾಗಾಗಿ ಶಿವರಾತ್ರಿಯ ಭಂಗಿಯನ್ನು ಗಾಂಜಾದ ಪರವಾದ ವಾದಕ್ಕೆ ಎಳೆದು ತರುವುದು ಸರಿಯಲ್ಲ.

ಶಿಕ್ಷೆ ನಿಂತಿರುವುದು ತೂಕದ ಮೇಲೆ. 1 ಕೆ.ಜಿ.ವರೆಗಿನ ಗಾಂಜಾ ಅಲ್ಪ ಪ್ರಮಾಣ. ಅದಕ್ಕೆ ಗರಿಷ್ಠ 1 ವರ್ಷ ಸೆರೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇವನೆಗೆ 27ನೇ ಸೆಕ್ಷನ್ ಅಡಿ 6 ತಿಂಗಳವರೆಗೆ ಸೆರೆ ವಿಧಿಸಬಹುದು. 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣವಾಗಿ ಕನಿಷ್ಠ 10 ವರ್ಷ ಕಠಿಣ ಸೆರೆ, ಮೇಲಾಗಿ 37ನೇ ಸೆಕ್ಷನ್ ಕಾರಣ ಜಾಮೀನು ಬಹಳ ಕಷ್ಟ. ಇಷ್ಟೆಲ್ಲ ತೂಕದ ಮೇಲೆ ನಿಂತಿರುವಾಗ, ಮಹಜರಿನಲ್ಲಿ ಬೇರು, ಕಾಂಡ, ಎಲೆ ಸಮೇತ ಇಡೀ ಗಿಡವನ್ನು ತೂಗಿ ‘ಗಾಂಜಾ 22 ಕೆ.ಜಿ.’ ಎಂದು ಒಂದೇ ಸಾಲಿನಲ್ಲಿ ಬರೆದಿರುವ ಪ್ರಕರಣಗಳನ್ನು ನಾನು ನಡೆಸಿದ್ದೇನೆ. ತುದಿಗಳನ್ನು ಮಾತ್ರ ಬೇರ್ಪಡಿಸಿ ತೂಗಿದ್ದರೆ ಆರೋಪವೇ ಬೇರೆಯಾಗುತ್ತಿತ್ತು. ಕಾನೂನುಬದ್ಧಗೊಳಿಸುವ ಚರ್ಚೆ ಎಷ್ಟು ವರ್ಷವಾದರೂ ನಡೆಯಲಿ, ತೂಗುವ ಕ್ರಮವನ್ನಾದರೂ ನಾಳೆಯೇ ಸರಿಪಡಿಸಬಹುದು.

ನಿಮ್ಮ ನಿಲುವಿಗೆ ಹತ್ತಿರದ ಉದಾಹರಣೆ ಪೋರ್ಚುಗಲ್. ಅಲ್ಲಿ 2001ರಿಂದ 10 ದಿನಗಳ ಸ್ವಂತ ಬಳಕೆಗೆ ಸಾಕಾಗುವಷ್ಟನ್ನು ಇಟ್ಟುಕೊಂಡವರನ್ನು ಕ್ರಿಮಿನಲ್ ನ್ಯಾಯಾಲಯದ ಬದಲು ಒಂದು ಸಮಿತಿಯ ಮುಂದೆ ಕಳಿಸುತ್ತಾರೆ. ಮಾರಾಟ ಇಂದಿಗೂ ಅಪರಾಧವೇ. ನೀವು ಹೇಳಿದ ತೊಡಕು ಅಲ್ಲೂ ಬಗೆಹರಿದಿಲ್ಲ, ಆದರೆ ಅದನ್ನು ಇಟ್ಟುಕೊಂಡೇ ಆ ದೇಶ ಬಳಕೆದಾರರನ್ನು ಜೈಲಿನಿಂದ ದೂರವಿಟ್ಟಿದೆ.

ಉತ್ತರ: ಮನೋವೈದ್ಯೆ, ಧಾರವಾಡ

ಬಳಕೆದಾರರಿಗೆ ಶಿಕ್ಷೆ ಬೇಡ ಎಂಬುದನ್ನು ಒಪ್ಪುತ್ತೇನೆ. ಆದರೆ ಗಾಂಜಾ ನಿರುಪದ್ರವಿ ಎಂಬ ಮಾತನ್ನು ವಿದ್ಯಾರ್ಥಿಗಳು ಕಾಲೇಜಿನಿಂದ ಮನೆಗೆ ಒಯ್ಯಬಾರದು. ಸೇದಿದವರೆಲ್ಲ ಕಾಯಿಲೆ ಬೀಳುವುದಿಲ್ಲ, ನಿಜ. ಹದಿಹರೆಯದಲ್ಲೇ ಆರಂಭಿಸಿದವರು, ಅಮಲು ಬರಿಸುವ ಟಿಎಚ್‌ಸಿ ಅಂಶ ಹೆಚ್ಚಿರುವ ಮಾಲನ್ನು ದಿನವೂ ಸೇದುವವರು, ಮನೆತನದಲ್ಲಿ ಚಿತ್ತವಿಕಲತೆಯ ಹಿನ್ನೆಲೆಯಿರುವವರು, ಇವರಲ್ಲಿ ಅಪಾಯ ಎದ್ದು ಕಾಣುತ್ತದೆ. ಪಕ್ಕದ ಮನೆಯವರು ಗೋಡೆಯಾಚೆ ತನ್ನ ಬಗ್ಗೆಯೇ ಪಿಸುಗುಟ್ಟುತ್ತಿದ್ದಾರೆ ಎಂದು ಕಿಟಕಿ ಮುಚ್ಚಿಕೊಂಡು ಕೂರುವ ಹುಡುಗರನ್ನು ತಾಯಂದಿರು ಕರೆತರುವ ಹೊತ್ತಿಗೆ ಅನೇಕ ತಿಂಗಳು ಕಳೆದಿರುತ್ತವೆ. ‘ಮೇಡಂ, ಪೊಲೀಸ್ ಕೇಸ್ ಆಗುತ್ತದೆಯೇ?’ ಎಂಬುದೇ ಅವರ ಮೊದಲ ಪ್ರಶ್ನೆ. ಸ್ವಯಂಪ್ರೇರಣೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಅಲ್ಪ ಪ್ರಮಾಣ ಮತ್ತು ಸೇವನೆಯ ಪ್ರಕರಣಗಳಲ್ಲಿ ರಕ್ಷಣೆ ನೀಡುವ 64ಎ ಸೆಕ್ಷನ್ ಇದೇ ಕಾಯ್ದೆಯಲ್ಲಿದೆ ಎಂಬುದು ಹೆಚ್ಚಿನ ಪೋಷಕರಿಗೆ ಗೊತ್ತೇ ಇರುವುದಿಲ್ಲ. ಶಿಕ್ಷೆಯ ಭಯವೇ ಚಿಕಿತ್ಸೆಗೆ ಅಡ್ಡ ನಿಂತಿದೆ ಎಂದು ನಾನು ಹೇಳುವುದು ಇದಕ್ಕಾಗಿ.

ಔಷಧದ ಮಾತು ಪ್ರತ್ಯೇಕ. ಮಕ್ಕಳಲ್ಲಿ ಕಾಣುವ ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಎಂಬ ತೀವ್ರ ಅಪಸ್ಮಾರಗಳಿಗೆ ಗಾಂಜಾ ಗಿಡದಿಂದ ತೆಗೆದು ಶುದ್ಧೀಕರಿಸಿದ ಕ್ಯಾನಬಿಡಿಯಾಲ್ ಅನ್ನು ಔಷಧವಾಗಿ ಅಮೆರಿಕ 2018ರಲ್ಲಿ ಒಪ್ಪಿತು. ಅದು ಅಮಲು ಬರಿಸದ ಅಂಶ, ಅಳತೆ ಮಾಡಿ ಕೊಡುವ ದ್ರಾವಣ. ಅದನ್ನು ತೋರಿಸಿ ಬೀಡಿಯಲ್ಲಿ ತುಂಬಿ ಸೇದುವುದನ್ನು ಔಷಧವೆಂದು ಸಮರ್ಥಿಸಲಾಗದು.

ಉತ್ತರ: ಒಂಟಾರಿಯೊದಲ್ಲಿರುವ ಕನ್ನಡಿಗ

ಕೆನಡಾದ ಹೆಸರು ಬಂದಿದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು 30 ಗ್ರಾಂವರೆಗೆ ಒಣ ಗಾಂಜಾ ಒಯ್ಯಬಹುದು. ಒಂಟಾರಿಯೊದಲ್ಲಿ ಅದಕ್ಕೆ 19 ವರ್ಷ ತುಂಬಿರಬೇಕು. ಪೊಟ್ಟಣಗಳ ಮೇಲೆ ಟಿಎಚ್‌ಸಿ ಪ್ರಮಾಣ ಮತ್ತು ಎಚ್ಚರಿಕೆ ಇರಲೇಬೇಕು. ಕಲಬೆರಕೆಯ ಭಯ ತಗ್ಗಿದ್ದು ದೊಡ್ಡ ಲಾಭ. ಆದರೆ ಗಾಂಜಾ ಬೆರೆಸಿದ ಮಿಠಾಯಿಗಳು ಮಾರುಕಟ್ಟೆಗೆ ಬಂದ ಮೇಲೆ ಅರಿಯದೆ ತಿಂದು ಆಸ್ಪತ್ರೆ ಸೇರುವ ಪುಟ್ಟ ಮಕ್ಕಳು ಹೆಚ್ಚಾದರು. ಇದು ಎರಡು ಮಕ್ಕಳ ತಂದೆಯಾದ ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ನಿಮ್ಮ ತೊಡಕಿಗೆ ನನಗೆ ಕಾಣುವ ಉತ್ತರ ಜರ್ಮನಿಯದು. 2024ರ ಏಪ್ರಿಲ್ 1ರಿಂದ ಅಲ್ಲಿ ವಯಸ್ಕರು ಮನೆಯಲ್ಲಿ ಮೂರು ಗಿಡ ಬೆಳೆಸಬಹುದು. ಲಾಭದ ಉದ್ದೇಶವಿಲ್ಲದ, ಗರಿಷ್ಠ 500 ಸದಸ್ಯರ ಸಂಘಗಳು ಬೆಳೆದು ತಮ್ಮ ಸದಸ್ಯರಿಗಷ್ಟೇ ಹಂಚಬಹುದು. ಅಂಗಡಿಗೂ ಜಾಹೀರಾತಿಗೂ ಅವಕಾಶವಿಲ್ಲ. 2022ರಲ್ಲಿ ಸಮಗ್ರ ಕಾನೂನೇ ಇಲ್ಲದೆ ಬಾಗಿಲು ತೆರೆದ ಥಾಯ್ಲೆಂಡ್ 2025ರಲ್ಲಿ ಮತ್ತೆ ವೈದ್ಯರ ಚೀಟಿಗೆ ಮರಳಿತು. ಮಾರಾಟದಿಂದ ಲಾಭ ಮಾಡುವ ಕಂಪನಿಗಳು ಒಮ್ಮೆ ಬೇರೂರಿದರೆ ಅವನ್ನು ಹಿಡಿತಕ್ಕೆ ತರುವುದು ಎಷ್ಟು ಕಷ್ಟವೆಂಬುದನ್ನು ಮದ್ಯದಿಂದ ನಮ್ಮ ರಾಜ್ಯಗಳಿಗೆ ಬರುವ ಅಬಕಾರಿ ಆದಾಯವೇ ಹೇಳುತ್ತದೆ.

ಉತ್ತರ: ರೈತ, ಹನೂರು

ನಮ್ಮ ಕಡೆ ಮೆಕ್ಕೆಜೋಳದ ಸಾಲುಗಳ ನಡುವೆ ಗಾಂಜಾ ಗಿಡ ಸಿಕ್ಕಿತೆಂದು ಆಗಾಗ ರೈತರ ಬಂಧನವಾಗುತ್ತದೆ. ಬೀಜ ಕೊಟ್ಟು, ಮುಂಗಡ ಹಣ ಕೊಟ್ಟು, ಕೊಯ್ಲಿಗೆ ಬರುವ ವ್ಯಾಪಾರಿಯ ಹೆಸರು ಎಷ್ಟೋ ಬಾರಿ ಎಫ್‌ಐಆರ್‌ನಲ್ಲಿ ಇರುವುದೇ ಇಲ್ಲ. ವಕೀಲರೇ, ಹೊಲವನ್ನು ಗುತ್ತಿಗೆಗೆ ಕೊಟ್ಟಾಗ ಅಥವಾ ಬದುವಿನಲ್ಲಿ ಬೇರೆ ಯಾರೋ ಬೀಜ ಚೆಲ್ಲಿದಾಗ ಜಮೀನಿನ ಮಾಲೀಕ ಏನು ಮಾಡಬೇಕು?

ಉತ್ತರ: ವಕೀಲ, ಬೆಂಗಳೂರು

ಯಜಮಾನರೇ, ಕೃಷಿಯ ವಿಷಯದಲ್ಲಿ ಕಾಯ್ದೆ ಗಿಡಗಳ ಸಂಖ್ಯೆಯನ್ನು ನೋಡುವುದಿಲ್ಲ; ಶಿಕ್ಷೆ 10 ವರ್ಷದವರೆಗೂ ಹೋಗಬಹುದು. ಉಳುಮೆ ಮಾಡಿದವನ ಹೊಲದಲ್ಲಿ ಗಿಡ ಸಿಕ್ಕರೆ, ಅದಕ್ಕೆ ಅವನು ತೃಪ್ತಿಕರ ವಿವರಣೆ ಕೊಡದಿದ್ದಲ್ಲಿ ಅಪರಾಧ ಅವನದೇ ಎಂದು 54ನೇ ಸೆಕ್ಷನ್ ಅಡಿ ಭಾವಿಸಬಹುದು. ಜಮೀನಿನಲ್ಲಿ ಅಕ್ರಮ ಬೆಳೆ ಕಂಡ ಕೂಡಲೇ ಅಧಿಕಾರಿಗೆ ತಿಳಿಸುವುದು 46ನೇ ಸೆಕ್ಷನ್ ಪ್ರಕಾರ ಮಾಲೀಕನ ಕರ್ತವ್ಯ. ತಿಳಿದೂ ಸುಮ್ಮನಿರುವುದೇ ಅಪರಾಧ. ಆದ್ದರಿಂದ ಗುತ್ತಿಗೆಯನ್ನು ಬಾಯಿಮಾತಿನಲ್ಲಿ ಕೊಡಬೇಡಿ, ಕರಾರು ಬರೆಸಿಕೊಳ್ಳಿ. ಗಿಡ ಕಂಡರೆ ನೀವೇ ಕಿತ್ತೆಸೆಯುವ ಬದಲು ಠಾಣೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪತ್ರವನ್ನು ಪಹಣಿಯ ಜೊತೆಗೆ ಇಟ್ಟುಕೊಳ್ಳಿ.